ಕೊನೆಯ ನಲವತ್ತು ಪುಟ

ಅಲ್ಲ, ಇದರಲ್ಲಿ ನಗ್ಲಿಕ್ಕೆ ಎಂತ ಉಂಟು ಝಿಕ್ರಾ? ನಿಜ ಹೇಳಿದ್ದು ನಾನು. ಹೋದ ಶುಕ್ರವಾರ ದಮ್ಮಾಮಿನ ಕನ್ನಡ ಸಂಘದಲ್ಲಿ ಮುಕ್ಕಾಲು ಗಂಟೆ ಮಾತಾಡಿದೆ ಅಲ್ವಾ, 'ವಿಯೆಟ್ನಾಂ ಯುದ್ಧದಿಂದ ವಾಪಸು ಬಂದವರ ಕ್ರೈಂ ಕಾದಂಬರಿಗಳು ಮತ್ತು ಅವುಗಳ ಸಿನಿಮಾಗಳು' ಅಂತ ಬ್ಯಾನರ್ ಬೇರೆ ಕಟ್ಟಿದ್ರು, ಆ ಕಾದಂಬರಿಗಳಲ್ಲಿ ಒಂದನ್ನೂ ನಾನು ಮೊದಲ ಪುಟದಿಂದ ಕೊನೇ ಪುಟದವರೆಗೆ ಓದಿದವನಲ್ಲ. ಸಿನಿಮಾ ನೋಡಿದ್ದೇನೆ. ಅದೂ ಕೆಲವು ಅರ್ಧ. ಹಾಂ, ನಗು ನಗು. ಬಂದಾಗಿನಿಂದ ಮುಖ ಗಂಟು ಹಾಕಿ ಕೂತಿದ್ದಿ, ನನಗೆ ಹೆದರಿಕೆಯೇ ಆಗಿತ್ತು.

ಖರ್ಜೂರ ತಕ್ಕೋ. ಇಲ್ಲಿಯದ್ದೇ, ಖತೀಫಿನದ್ದು, ನಮ್ಮ ಮನೆ ಓನರಿನ ತೋಟದ್ದು. ನನ್ನ ಮನೆಯವಳು ಸಫಿಯತ್ ಒಳಗೆ ಸಮೋಸ ಕರೀತಿದ್ದಾಳೆ, ಸಂಜೆಯ ಮಗ್ರಿಬ್ ನಮಾಜು ಆಗದೆ ನಿನ್ನನ್ನು ಬಿಡ್ಲಿಕ್ಕಿಲ್ಲ. ಅವಳಿಗೆ ಮೊದಲೇ ಹೇಳಿ ಇಟ್ಟಿದ್ದೇನೆ, ಹುಡುಗಿ ಹಾಸನದಲ್ಲಿ ಬೆಳೆದವಳು, ಬ್ಯಾರಿ ಭಾಷೆ ಅರ್ಥ ಆಗ್ತದೆ, ಆದರೆ ನಾಲಿಗೆ ತಿರುಗುದಿಲ್ಲ, ನೀನು ಬ್ಯಾರಿಯಲ್ಲಿ ಶುರು ಮಾಡಿ ಅವಳನ್ನು ಕಷ್ಟಕ್ಕೆ ಹಾಕ್ಬೇಡ ಅಂತ. ನರ್ಸ್ ಆಗಿ ಸೌದಿಗೆ ಬಂದು ನಾಲ್ಕು ತಿಂಗಳು ಅಂದೆ ಅಲ್ವಾ? ನಾಲ್ಕು ತಿಂಗಳಿಂದ ಇಲ್ಲೇ ದಮ್ಮಾಮಿನಲ್ಲಿ ಇದ್ದೀ, ನನ್ನ ಮಗಳ ಹಾಗೆ, ನನಗೆ ಗೊತ್ತೇ ಇಲ್ಲ. ಭಾಷಣ ಮುಗಿಸಿ ಸಾಲು ಹಾಕಿ ಎಲ್ಲರ ಕೈ ಕುಲುಕ್ತಾ ಇದ್ದೆ, ನೀನು ಬಂದು 'ನಾನು ಅಲಿಯಬ್ಬರ ಮಗಳು' ಅಂದದ್ದು.

ಸರಿ, ಎರಡು ಪ್ರಶ್ನೆ ಅಲ್ವಾ. ನಿನ್ನದಲ್ಲ, ನಿನ್ನ ಬಾಪನದ್ದು. ಅಲಿಯಬ್ಬ, ನಾವು ಕರೆಯುದು ಅಲಿಯ ಅಂತ, ಕೇಳಿ ಕಳಿಸಿದ್ದು. ಒಂದು, ಓದ್ತಾ ಓದ್ತಾ ಅರ್ಧಕ್ಕೆ ಬಿಟ್ಟು ಹೋದ ಆ ಕಾದಂಬರಿಯ ಕೊನೆ ಎಂತ ಆಯ್ತು ಅಂತ. ಎರಡನೇದ್ದು ಆ ಟ್ಯಾಗಿನ ವಿಷಯ. ನಾವಿಬ್ಬರೂ ಕೆಲಸಕ್ಕಿದ್ದ ಅಬ್ಕೈಕಿನ ಎಣ್ಣೆ ಪ್ಲಾಂಟಿನಲ್ಲಿ ಆ ಗುರುವಾರ ಸ್ಟೀಮ್ ಲೈನಿನ ಟ್ಯಾಗ್ ತೆಗೆದದ್ದು ತಾನೇಯಾ ಅಲ್ವಾ ಅಂತ. ತನಗೆ ನೆನಪಾಗುದಿಲ್ಲ, ಉಮ್ಮರ ಹತ್ತಿರವೇ ಇದ್ದ, ಅವನ ಹತ್ರ ಕೇಳು ಅಂತ. ಉಮ್ಮರ ಅಂದ್ರೆ ನಾನೇ. ಹೇಳ್ತೇನೆ, ಎರಡನ್ನೂ ಹೇಳ್ತೇನೆ. ಆದರೆ ಮೊದಲನೇದ್ದು ಮೊದಲು. ಎರಡನೇದ್ದು ಹದಿನೇಳು ವರ್ಷ ಹಳೇದು, ಇನ್ನು ಅರ್ಧ ಗಂಟೆ ಕಾದ್ರೆ ಎಲ್ಲಿಗೂ ಓಡಿ ಹೋಗುದಿಲ್ಲ.

ಆ ರಘುನಂದನ್ ಸಾರ್ ಕೇಳಿದ ಪ್ರಶ್ನೆ ನೆನಪುಂಟಾ? ಎರಡನೇ ಸಾಲಿನಲ್ಲಿ, ಕನ್ನಡಕದವರು, ಮೈಸೂರಿನ ಇಂಜಿನಿಯರ್. 'ಉಮ್ಮರಬ್ಬನವರೇ, ಈ ಕಾದಂಬರಿಗಳು ಸಿನಿಮಾ ಆದಾಗ ಮುಖ್ಯವಾಗಿ ಏನು ಕಳೆದುಹೋಗುತ್ತೆ ಅಂತೀರಿ?' ನಾನು ಎಂತ ಮಾಡಿದೆ? ನೀರು ಕುಡಿದೆ. ಲೋಟ ಕೆಳಗಿಟ್ಟೆ. ಕನ್ನಡಕ ತೆಗೆದು ಒರೆಸಿದೆ. ಆಮೇಲೆ 'ಮೌನ' ಅಂದೆ. ಅವರು ಡೈರಿ ತೆಗೆದು ಬರ್ಕೊಂಡ್ರು ಮಾರಾಯ್ತಿ! ನನಗೆ ಆ ಮನುಷ್ಯನನ್ನು ನೋಡಿ ಪಾಪ ಅನಿಸಿತು. ಪುಸ್ತಕ ಓದದವನಿಗೆ ಅದರಲ್ಲಿ ಎಷ್ಟು ಮೌನ ಉಂಟು ಅಂತ ಹೇಗೆ ಗೊತ್ತಾಗಬೇಕು?

ಆ ಭಾಷಣದಲ್ಲಿ ಚಪ್ಪಾಳೆ ಬಿದ್ದ ಮಾತೆಲ್ಲ ನಿನ್ನ ಬಾಪನದ್ದು. ಇದನ್ನು ಸಫಿಯತ್ತಿಗೂ ಹೇಳಿಲ್ಲ, ನಿನಗೆ ಹೇಳ್ತಿದ್ದೇನೆ. ಎರಡು ನೋಟ್‌ಬುಕ್ ಉಂಟು ಅಲಿಯನ ಕೈಬರಹದ್ದು. ಪುಸ್ತಕದ ಪೆಟ್ಟಿಗೆಯ ಅಡಿಯಲ್ಲಿ ಇತ್ತು. ಈಗ ಹೋಗುವಾಗ ಕೊಟ್ಟು ಕಳಿಸ್ತೇನೆ, ಪೆಟ್ಟಿಗೆಯೂ ಕೊಡ್ತೇನೆ. 'ಹಳೇ ಪತ್ತೇದಾರಿ ಕಥೆಯಲ್ಲಿ ಕಳ್ಳ ಸಿಕ್ಕಿದ್ರೆ ಕಥೆ ಮುಗೀತು. ವಿಯೆಟ್ನಾಮಿನ ನಂತರದ ಕಥೆಯಲ್ಲಿ ಕಳ್ಳ ಸಿಕ್ಕಿದ ಮೇಲೂ ಎಂತದ್ದೂ ಸರಿ ಆಗುದಿಲ್ಲ, ಯಾಕಂದ್ರೆ ಹುಡುಕಿದವನ ಕೈಯೂ ಕೊಳಕು' ಅಂತ ನಾನು ಮೇಜು ಕುಟ್ಟಿ ಹೇಳಿದೆ ನೋಡು, ಅದು ಎರಡನೇ ನೋಟ್‌ಬುಕ್ಕಿನಲ್ಲಿ ಉಂಟು, ಮೇಲೆ ಚಹಾದ ಕಲೆ ಬೇರೆ. ನಾನು ಸೇರಿಸಿದ್ದು ಮೇಜು ಕುಟ್ಟಿದ್ದು ಮಾತ್ರ.

ನಿನ್ನ ಬಾಪನಿಗೆ ಆ ಪುಸ್ತಕ ಹೇಗೆ ಸಿಕ್ಕಿದ್ದು ಅಂತ ಗೊತ್ತುಂಟಾ? ಹೇಳಿಲ್ವಾ? ಪ್ಲಾಂಟಿನಲ್ಲಿ ಒಬ್ಬ ಅಮೆರಿಕದ ಮುದುಕ ಇಂಜಿನಿಯರ್ ಇದ್ದ. ರಿಟೈರ್ ಆಗಿ ಹೋಗುವಾಗ ಒಂದು ರಟ್ಟಿನ ಪೆಟ್ಟಿಗೆ ಬಾಗಿಲ ಹೊರಗೆ ಇಟ್ಟು ಹೋದ, ಕಸದವರು ತಕ್ಕೊಂಡು ಹೋಗ್ಲಿ ಅಂತ. ಅಲಿಯ ಅದನ್ನು ಹೆಗಲ ಮೇಲೆ ಹೊತ್ಕೊಂಡು ಲೇಬರ್ ಕ್ಯಾಂಪಿಗೆ ಬಂದ. ನಾವೆಲ್ಲ ಚಾಕ್ಲೇಟ್ ಇರ್ಬಹುದು ಅಂತ ಮುತ್ತಿದ್ದು. ತೆಗೆದು ನೋಡಿದ್ರೆ ಪುಸ್ತಕ! ಒಂದೊಂದರ ಮುಖಪುಟದಲ್ಲೂ ಒಂದು ಪಿಸ್ತೂಲು, ಒಂದು ಹೆಂಗಸು. ಅಲಿಯ ಎಲ್ಲದರ ಮುಖಪುಟ ಕಿತ್ತು ಹಾಕಿದ. ಗೇಟಿನವನು ಕ್ಯಾಂಪ್ ಚೆಕ್ಕಿಂಗಿಗೆ ಬಂದು ಹೆಂಗಸಿನ ಚಿತ್ರ ನೋಡಿದ್ರೆ ಎಂತ ಹೇಳುದು? ಹಾಗೆ ಮುಖ ಇಲ್ಲದ ಇಪ್ಪತ್ತಮೂರು ಪುಸ್ತಕ.

ನಾವು ಆರು ಜನ ಒಂದು ರೂಮಿನಲ್ಲಿ. ಇಶಾ ನಮಾಜು ಮುಗಿಸಿ ಬಂದು ಅನ್ನಕ್ಕೆ ಇಟ್ಟು ಕೂತ್ರೆ ಅಲಿಯನ ಕಥೆ ಶುರು. ಹಗಲು ಬಿಡುವಿದ್ದಾಗ ಡಿಕ್ಷನರಿ ಇಟ್ಕೊಂಡು ಹತ್ತು ಪುಟ ಓದುದು, ಸಂಜೆ ನಮಗೆ ಹೇಳುದು. ಕಥೆಯಲ್ಲಿ ವಿಸ್ಕಿ ಬಂದಲ್ಲಿ ಅವ ಲಿಂಬೆ ಸೋಡ ಅಂತ ಮಾಡ್ತಿದ್ದ. ಯುದ್ಧದಿಂದ ಬಂದ, ನಿದ್ರೆ ಇಲ್ಲದ ಒಂದು ದೊಡ್ಡ ಬಿಳೀ ಮನುಷ್ಯ ಸೋಡಾ ಕುಡಿದು ಕುಡಿದು ಬೀದಿಯಲ್ಲಿ ಬೀಳುದು. ಯಾರೂ ಯಾಕೆ ಅಂತ ಕೇಳ್ಲಿಲ್ಲ. ಅಷ್ಟು ಚಂದ ಹೇಳ್ತಿದ್ದ. ಎಷ್ಟೋ ಸಲ ಅನ್ನ ಅಡಿ ಹಿಡಿದಿತ್ತು, ಕರಿ ಬಿದ್ದ ಅನ್ನವನ್ನೇ ತಿಂದು ಮಲಗಿದ್ದೇವೆ.

ಒಮ್ಮೆ ಎಂತ ಹೇಳಿದ ಗೊತ್ತುಂಟಾ? 'ಉಮ್ಮರ, ಇವರು ಯುದ್ಧಕ್ಕೆ ಹೋಗಿ ಬಂದವರು, ನಾವು ಕೆಲಸಕ್ಕೆ ಬಂದವರು, ಆದರೆ ಊರಿಗೆ ಹೋಗಿ ಬಾಗಿಲಲ್ಲಿ ನಿಲ್ಲುದು ಒಂದೇ ಥರ' ಅಂತ. ರಜೆಯಲ್ಲಿ ಹೋದಾಗ ಮಗಳು ಹತ್ತಿರ ಬರುದಿಲ್ಲ, ಹೆಂಡತಿಗೆ ಎಂತ ಮಾತಾಡ್ಬೇಕು ಅಂತ ತಿಳಿಯುದಿಲ್ಲ, ನೆರೆಯವರು ಎಷ್ಟು ದಿನ ಇದ್ದೀರಿ ಅಂತ ಮಾತ್ರ ಕೇಳ್ತಾರೆ. ಆ ಮಗಳು ನೀನೇ. ಆಗ ನಿನಗೆ ಎಂಟೋ ಒಂಬತ್ತೋ.

ನನಗೆ... ಹೇಳಿ ಬಿಡ್ತೇನೆ, ನನಗೆ ಅವನ ಮೇಲೆ ಹೊಟ್ಟೆಕಿಚ್ಚಿತ್ತು. ನಾನು ಬಾಯಿ ತೆಗೆದ್ರೆ ಎಲ್ಲರೂ ಫೋನ್ ನೋಡುದು, ಅವ ಕೆಮ್ಮಿದ್ರೂ 'ಆಮೇಲೆ?' ಅಂತ ಕೇಳುದು. ಎಂತ ಮಾಡುದು, ನನಗೆ ಇಂಗ್ಲಿಷ್ ಓದ್ಲಿಕ್ಕೆ ಅಷ್ಟು ಬರ್ತಿರ್ಲಿಲ್ಲ. ಹಾಗಾಗಿ ಆ ಕಾದಂಬರಿಗಳ ಸಿನಿಮಾ ಎಲ್ಲೆಲ್ಲಿ ಸಿಗ್ತದೆ ಅಂತ ಹುಡುಕಿ ಹುಡುಕಿ ನೋಡ್ತಿದ್ದೆ. ಆಗ ಇಲ್ಲಿ ಥಿಯೇಟರ್ ಎಲ್ಲಿತ್ತು? ಈಗ ನೀವೆಲ್ಲ ಮಾಲಿಗೆ ಹೋಗಿ ಪಾಪ್‌ಕಾರ್ನ್ ಹಿಡ್ಕೊಂಡು ಸೆಲ್ಫಿ ತೆಗೀತೀರಿ. ನಮಗೆ ಡಿವಿಡಿ. ಅದರಲ್ಲೂ ಯಾರೋ ಕತ್ತರಿಸಿ ಕೊಟ್ಟದ್ದು. ನಾಯಕ ಬಾಗಿಲು ತೆಗೀತಾನೆ, ಒಳಗೆ ಹೆಂಗಸು ನಿಂತಿರ್ತಾಳೆ, ಮರುಕ್ಷಣ ಇವ ಕಾರಿನಲ್ಲಿ ಹೋಗ್ತಿದ್ದಾನೆ, ಅಂಗಿ ಬೇರೆ. ಮಧ್ಯ ಎಂತ ಆಯ್ತು ಅಂತ ನಾವೇ ಅಂದಾಜು ಮಾಡ್ಬೇಕು. ನಾನು ಇಡೀ ಅಮೆರಿಕವನ್ನು ಹಾಗೆ ಅಂದಾಜು ಮಾಡಿದವನು.

ಸಿನಿಮಾದವರು ಒಂದು ಮಾಡ್ತಾರೆ, ನೋಡು. ಕಾದಂಬರಿಯಲ್ಲಿ ನಾಯಕ ಕುಂಟ ಆದ್ರೆ ಸಿನಿಮಾದಲ್ಲಿ ಮೂರು ಮಹಡಿ ಹಾರ್ತಾನೆ. ಕಾದಂಬರಿಯಲ್ಲಿ ಸರಕಾರವೇ ಹೆರಾಯಿನ್ ಸಾಗಿಸಿದ್ರೆ ಸಿನಿಮಾದಲ್ಲಿ ಒಬ್ಬನೇ ಒಬ್ಬ ಕೆಟ್ಟ ಆಫೀಸರ್. ಜನ ದುಡಿದು ಬಂದು ಕೂತಿರ್ತಾರಲ್ಲ, ಒಬ್ಬನನ್ನು ತೋರಿಸಿ ಇವನೇ ಕಳ್ಳ ಅಂದು ಗುಂಡು ಹಾರಿಸಿದ್ರೆ ಸಮಾಧಾನದಿಂದ ಮನೆಗೆ ಹೋಗ್ತಾರೆ. ನಾನೂ ಹಾಗೆ ಹೋದವನೇ.

ಸರಿ, ಬಾಪನ ಆ ಕಾದಂಬರಿಗೆ ಬರುವ. ಪೆನ್ನು ತಕ್ಕೊಂಡಿದ್ದೀ ಅಲ್ವಾ? ಒಳ್ಳೇದಾಯ್ತು. ಪಾಪ, ಅವನಿಗೆ ಸಕ್ಕರೆ ಕಾಯಿಲೆಗೆ ಕಣ್ಣೂ ಹೋಯ್ತು ಅಂದೆಯಲ್ಲ, ಓದಿ ಹೇಳ್ಬೇಕು ನೀನು.

ಟೆಕ್ಸಾಸಿನಲ್ಲಿ ಒಂದು ಬಂದರು. ನಮ್ಮ ಅಬ್ಕೈಕಿನ ಹಾಗೇ ಎಣ್ಣೆಯ ಪೈಪು, ಬೆಂಕಿ ಉಗುಳುವ ಚಿಮಣಿ, ಅದಕ್ಕೇ ಅಲಿಯನಿಗೆ ಅದು ಅಷ್ಟು ಇಷ್ಟ. ವೆಸ್ಲಿ ಅಂತ ಒಬ್ಬ, ವಿಯೆಟ್ನಾಮಿನಲ್ಲಿ ಮಿಲಿಟ್ರಿ ಲಾರಿ ಡ್ರೈವರ್. ಅಲ್ಲಿ ಆಸ್ಪತ್ರೆಯ ಮದ್ದು ಕದ್ದು ಮಾರಿದ ಅಂತ ಯಾರೋ ಅವನ ಹೆಸರು ಕೊಟ್ರು. ಅವ ಕದ್ದಿರ್ಲಿಲ್ಲ. ನಾಲ್ಕು ವರ್ಷ ಮಿಲಿಟ್ರಿ ಜೈಲು. ಬಿಡುಗಡೆಯಾಗಿ ಊರಿಗೆ ಬಂದ್ರೆ ಯಾರಿಗೂ ಬೇಡ. ಒಬ್ಬ ಗೆಳೆಯ ಮಾತ್ರ, ರಾಯ್ ಅಂತ, ಅದೇ ಲಾರಿಯಲ್ಲಿ ಪಕ್ಕದ ಸೀಟಿನಲ್ಲಿ ಕೂತವನು, ತನ್ನ ಗ್ಯಾರೇಜಿನಲ್ಲಿ ಮಂಚ ಹಾಕಿ ಕೊಡ್ತಾನೆ. ದಿನಾ ಬೆಳಿಗ್ಗೆ ಮೊಟ್ಟೆ ಮಾಡಿ ಹಾಕ್ತಾನೆ. ನಿನ್ನ ಹೆಸರು ಕೊಟ್ಟವ ಯಾರು ಅಂತ ಹುಡುಕುವ, ನಾನೂ ಬರ್ತೇನೆ ಅಂತಾನೆ. ಇಬ್ಬರೂ ಹುಡುಕ್ತಾರೆ. ಆ ವಿಷಯ ಗೊತ್ತಿದ್ದವರೆಲ್ಲ ಒಬ್ಬೊಬ್ಬರಾಗಿ ಸಾಯ್ತಾ ಹೋಗ್ತಾರೆ. ಇಲ್ಲಿವರೆಗೆ ಅಲಿಯ ನಮಗೆ ಹೇಳಿದ್ದ. ಇನ್ನು ನಲವತ್ತು ಪುಟ ಇತ್ತು, ಆ ಗುರುವಾರದ ನಂತರ ಅವ ಪುಸ್ತಕ ಮುಟ್ಟಿರ್ಲಿಲ್ಲ. ಆ ಸೋಮವಾರ ಕಂಪೆನಿಯವರು ಬಂದು ಎರಡು ಗಂಟೆಯಲ್ಲಿ ಸಾಮಾನು ಕಟ್ಟು, ನಿನಗೆ ಎಕ್ಸಿಟ್, ಊರಿಗೆ ಹೊರಡು ಅಂದ್ರು. ಬ್ಯಾಗಿನಲ್ಲಿ ಜಾಗ ಇಲ್ಲ ಅಂತ ಪುಸ್ತಕ ನನ್ನ ಮಂಚದ ಮೇಲೆ ಇಟ್ಟು ಹೋದ.

ಕೊನೆ ಎಂತ ಅಂದ್ರೆ, ಹೆಸರು ಕೊಟ್ಟವನು ಕ್ಯಾಪ್ಟನ್. ಅವರ ಕ್ಯಾಪ್ಟನ್ನೇ. ಈಗ ಅದೇ ಬಂದರಿನಲ್ಲಿ ದೊಡ್ಡ ಕುಳ. ರಿಫೈನರಿಯ ಮೇಲಿನ ಕಬ್ಬಿಣದ ಏಣಿಯಲ್ಲಿ ಓಡಾಟ, ಗುಂಡು, ಹಿಂದೆ ಬೆಂಕಿ. ರಾಯ್ ಅಡ್ಡ ಬಂದು ಗೆಳೆಯನಿಗೆ ಬೀಳುವ ಗುಂಡು ತಾನು ತಿಂತಾನೆ. ವೆಸ್ಲಿಯ ತೊಡೆಯ ಮೇಲೆ ತಲೆ ಇಟ್ಟು ಸಾಯ್ತಾನೆ. ಕ್ಯಾಪ್ಟನ್ ಕೆಳಗೆ ಬೀಳ್ತಾನೆ. ಬೆಳಗಾಗ್ತದೆ. ಮುಗೀತು.

ಬರ್ಕೊಂಡೆಯಾ?

ಎಂತ, ಬರೀಲಿಲ್ವಾ? ಪೆನ್ನು ಬರುದಿಲ್ವಾ? ಸಫಿಯತ್ತಿನ ಹತ್ರ ಒಂದು ಉಂಟು, ತರ್ಲಾ? ಬೇಡ್ವಾ. ಹಾಗಾದ್ರೆ... ಯಾಕೆ ನನ್ನನ್ನು ಹಾಗೆ ನೋಡ್ತಿದ್ದೀ? ಚಹಾ ಕುಡಿ, ಆರಿ ಹೋಗ್ತದೆ.

ಆಯ್ತು. ಆಯ್ತು ಮಾರಾಯ್ತಿ. ಅದು ಸಿನಿಮಾದ್ದು. ಕೊನೆ, ನಾನು ಈಗ ಹೇಳಿದ್ದು, ಸಿನಿಮಾದ ಕೊನೆ. ಪುಸ್ತಕದಲ್ಲಿ ಹಾಗೆ ಇಲ್ಲ. ಯಾವುದೂ ಪೂರ್ತಿ ಓದಿಲ್ಲ ಅಂದದ್ದು ಸತ್ಯ, ಆದರೆ ಇದೊಂದರ ಆ ನಲವತ್ತು ಪುಟ ಮಾತ್ರ ಓದಿದ್ದೇನೆ. ಅಲಿಯ ಹೋದ ಮೇಲೆ, ಅವನದ್ದೇ ಡಿಕ್ಷನರಿ ಇಟ್ಕೊಂಡು, ಎರಡು ತಿಂಗಳು. ನನ್ನ ಜೀವನದಲ್ಲಿ ನಾನು ಓದಿದ ಇಂಗ್ಲಿಷ್ ಸಾಹಿತ್ಯ ಎಂದರೆ ಆ ನಲವತ್ತು ಪುಟ. ಅದರ ಮೇಲೆ ಹದಿನೇಳು ವರ್ಷ ಭಾಷಣ ಮಾಡಿದ್ದೇನೆ.

ಪುಸ್ತಕದಲ್ಲಿ ಕ್ಯಾಪ್ಟನ್ ಅಲ್ಲ. ರಾಯ್. ಹೆಸರು ಕೊಟ್ಟದ್ದು ರಾಯ್. ಓಡಾಟ ಇಲ್ಲ, ಗುಂಡು ಇಲ್ಲ, ಎಂತದ್ದೂ ಇಲ್ಲ. ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ಇಬ್ಬರೂ ಕೂತಿದ್ದಾರೆ, ರಾಯ್ ಮೊಟ್ಟೆ ಹಾಕ್ತಾನೆ, ವೆಸ್ಲಿಗೆ ಆ ಹೊತ್ತಿಗೆ ಗೊತ್ತಾಗಿದೆ. ಗೊತ್ತಾದದ್ದು ರಾಯ್‌ಗೂ ಗೊತ್ತಾಗ್ತದೆ. ವೆಸ್ಲಿ ತಿಂದು, ತಟ್ಟೆ ತೊಳೆದು, ಕವುಚಿ ಇಟ್ಟು, ಬಾಗಿಲು ತೆಗೆದು ಹೊರಗೆ ಹೋಗ್ತಾನೆ. ರಾಯ್ ಒಲೆಯ ಹತ್ರ ನಿಂತೇ ಇರ್ತಾನೆ. ಅಷ್ಟೇ. ಅದಕ್ಕೇ ಅವರು ಸಿನಿಮಾದಲ್ಲಿ ಬದಲಾಯಿಸಿದ್ದು. ಬದಲಾಯಿಸಿದ್ದು ಸರಿಯೇ ಅಂತೇನೆ ನಾನು. ದುಡ್ಡು ಕೊಟ್ಟು ಬಂದವನಿಗೆ ಒಬ್ಬ ತಟ್ಟೆ ತೊಳೆಯುದು ತೋರಿಸಿ ಮನೆಗೆ ಕಳಿಸ್ಲಿಕ್ಕಾಗ್ತದಾ?

ಈಗಲೂ ಬರೀತಿಲ್ಲ ನೀನು.

ಓ. ನಾನು ಎಂಥ ಪೆದ್ದ ನೋಡು. ಪುಸ್ತಕದ ಒಳಗಿನ ಪುಟದಲ್ಲಿ ಹೆಸರು ಉಂಟು, ಬಾಪನಿಗೆ ಹೆಸರು ನೆನಪಿದ್ದೇ ಇರ್ತದೆ. ನಿನ್ನ ಕೈಯಲ್ಲಿ ಫೋನ್ ಉಂಟು. ಹೆಸರು ಹಾಕಿ ಹುಡುಕಿದ್ರೆ ಕೊನೆ ಎಂತ ಅಂತ ಒಂದು ನಿಮಿಷದಲ್ಲಿ ಬರ್ತದೆ. ನಿನಗೆ ಗೊತ್ತಿತ್ತು. ನಾನು ಆ ಕಬ್ಬಿಣದ ಏಣಿ, ಬೆಂಕಿ ಅಂತ ಕೈ ಬೀಸಿ ಹೇಳ್ತಿರುವಾಗಲೇ ನಿನಗೆ ಗೊತ್ತಿತ್ತು, ಅಲ್ವಾ? ಹಾಗಾದ್ರೆ ಮೊದಲನೇ ಪ್ರಶ್ನೆ ಸುಮ್ಮನೆ. ನನಗೆ ಮಾತಾಡ್ಲಿಕ್ಕೆ ಖುಷಿ ಅಂತ ಅಲಿಯನಿಗೆ ಗೊತ್ತು, ಕಥೆಯಿಂದ ಶುರು ಮಾಡು ಅಂದಿರ್ತಾನೆ.

ಸರಿ, ಟ್ಯಾಗ್. ಹೇಳ್ತೇನೆ. ನಿನಗೆ ಅದರ ಕೆಲಸ ಗೊತ್ತಿರ್ಲಿಕ್ಕಿಲ್ಲ. ದುರಸ್ತಿಗೆ ಅಂತ ಒಂದು ಲೈನ್ ಬಂದ್ ಮಾಡಿದ್ರೆ ಅದರ ವಾಲ್ವಿಗೆ ಕೆಂಪು ಟ್ಯಾಗ್ ಕಟ್ಟುದು. ಟ್ಯಾಗಿನಲ್ಲಿ ಕಟ್ಟಿದವನ ಹೆಸರು. ಕಟ್ಟಿದವನೇ ಬಿಚ್ಚಬೇಕು, ಬೇರೆ ಯಾರೂ ಕೈ ಹಾಕುವ ಹಾಗಿಲ್ಲ. ಅದು ಕಂಪೆನಿಯ ನಿಯಮ. ನಮ್ಮ ರೂಮಿನ ನಿಯಮ ಬೇರೆ ಇತ್ತು. ಒಂದೇ ಪಾತ್ರೆಯಲ್ಲಿ ಉಣ್ಣುವವರು, ನಿನ್ನ ಟ್ಯಾಗ್ ನಾನು ಬಿಚ್ಚಿದೆ, ನನ್ನದು ನೀನು ಬಿಚ್ಚು, ಅದನ್ನೆಲ್ಲ ಯಾರು ಕೇಳ್ತಾರೆ. ಆ ಗುರುವಾರ ಅಲಿಯ ಆರು ಟ್ಯಾಗ್ ಕಟ್ಟಿದ್ದ, ಮಧ್ಯಾಹ್ನ ಮೂರು ಗಂಟೆಯೊಳಗೆ ನಾಲ್ಕು ಬಿಚ್ಚಿದ್ದ. ಐದನೇದ್ದು ಬಿಚ್ಚಿದಾಗ ಆ ಕಡೆ ತುದಿಯಲ್ಲಿ ನೇಪಾಳದ ಫಿಟ್ಟರ್ ಇನ್ನೂ ಪೈಪಿಗೆ ಕೈ ಹಾಕಿ ಕೂತಿದ್ದ. ವಾಲ್ವ್ ತಿರುಗಿಸಿದ್ದೇ, ಸ್ಟೀಮ್. ಮೊಣಕೈಯಿಂದ ಕೆಳಗೆ ಚರ್ಮ ಎದ್ದು ಬಂತು. ಜೀವ ಉಳೀತು, ಅಲ್‌ಹಮ್ದುಲಿಲ್ಲಾಹ್. ಕೈ ಮಾತ್ರ ಮೊದಲಿನ ಹಾಗೆ ಆಗ್ಲಿಲ್ಲ.

ಟ್ಯಾಗಿನಲ್ಲಿ ಹೆಸರು ಅಲಿಯನದ್ದು, ಅವನೇ ಬಿಚ್ಚಬೇಕಾದವನು, ಹಾಗಾಗಿ ಅವನೇ ಬಿಚ್ಚಿದ್ದು. ಕಂಪೆನಿಯ ಲೆಕ್ಕ ಹಾಗೆ, ಟ್ಯಾಗ್ ಇಲ್ಲದ ವಾಲ್ವನ್ನು ಯಾರು ತಿರುಗಿಸಿದ್ರೂ ತಪ್ಪು ಟ್ಯಾಗ್ ತೆಗೆದವನದ್ದೇ. ಶನಿವಾರ ನನ್ನನ್ನೂ ಕರೆದು ಒಂದು ಕಾಗದ ಕೊಟ್ರು, ಅರಬಿಯಲ್ಲಿ ಬರೆದದ್ದು. ನನ್ನ ಅರಬಿಯ ಕಥೆ ನಿನಗೆ ಗೊತ್ತೇ ಉಂಟಲ್ವಾ, ನಮ್ಮ ಎಲ್ಲರದ್ದೂ ಅದೇ. ಮದ್ರಸದಲ್ಲಿ ಉಸ್ತಾದರು ಬೆತ್ತ ಹಿಡಿದು ಕಲಿಸಿದ್ದು, ಅಕ್ಷರ ನೀರಿನ ಹಾಗೆ ಬರ್ತದೆ, ಅರ್ಥ ಮಾತ್ರ ಬರುದಿಲ್ಲ. 'ಓದ್ಲಿಕ್ಕೆ ಬರ್ತದಾ?' ಅಂದ ಗುಮಾಸ್ತ. ನಾನು ಸುಮ್ಮನೆ ಇರ್ಬೇಕಾ ಇಲ್ವಾ? ಇಲ್ಲ, ಎದೆ ಉಬ್ಬಿಸಿ ಇಡೀ ಕಾಗದ ಗಟ್ಟಿಯಾಗಿ ಓದಿದೆ, ಒಂದು ಉಚ್ಚಾರ ತಪ್ಪಿಲ್ಲ. ಅವ ತಲೆದೂಗಿದ, ಇವನಿಗೆ ಎಲ್ಲ ಅರ್ಥ ಆಗಿದೆ ಅಂತ. ಸಹಿ ಮಾಡು ಅಂದ, ಮಾಡಿದೆ. ನಾನು ಓದಿದ್ದು ಎಂತ ಅಂತ ನನಗೇ ಗೊತ್ತಿಲ್ಲ. ಆಮೇಲೆ ನೋಡಿದ್ರೆ ಅಲಿಯ ಟ್ಯಾಗ್ ತೆಗೆದದ್ದನ್ನು ನಾನು ಕಂಡಿದ್ದೇನೆ ಅಂತ ಬರೆದಿತ್ತಂತೆ.

ಇಂಥ ತಮಾಷೆ ಬೇರೆ ಯಾರಿಗಾದ್ರೂ ಆಗ್ತದಾ? ಮದ್ರಸಕ್ಕೆ ಹೋಗದವನಾಗಿದ್ರೆ ಓದ್ಲಿಕ್ಕೆ ಬರುದಿಲ್ಲ ಅಂತ ಹೇಳಿ ಪಾರಾಗ್ತಿದ್ದ. ಓದ್ಲಿಕ್ಕೆ ಬರುವುದೇ ನಮಗೆ...

ನಗುದಿಲ್ವಾ? ಈ ಕಥೆಗೆ ಎಲ್ಲರೂ ನಗ್ತಾರೆ. ಹೆಸರು ಬಿಟ್ಟು ಹೇಳ್ತೇನೆ, ರೂಮುಗಳಲ್ಲಿ, ಮದುವೆ ಮನೆಯಲ್ಲಿ. ಎಲ್ಲರೂ ನಗ್ತಾರೆ.

ಬಾಪ ಎಂತ ಹೇಳ್ತಾರೆ ಅದಕ್ಕೆ? ಹೋದ ವಾರ ಸಭೆಯ ಹೊರಗೆ ನೀನು ಹೇಳಿದ್ದು ನನಗೆ ಸರಿ ಕೇಳಿಸಿತು ಝಿಕ್ರಾ, ಕೇಳದವನ ಹಾಗೆ ಮಾಡಿದೆ. 'ಉಮ್ಮರ ಕಂಡಿದ್ದೇನೆ ಅಂತ ಸಹಿ ಹಾಕಿದ್ದಾನೆ. ಉಮ್ಮರ ನನ್ನ ಮೇಲೆ ಸುಳ್ಳು ಹೇಳುವವನಲ್ಲ. ಹಾಗಾದ್ರೆ ನಾನೇ ತೆಗೆದು ಮರೆತಿರ್ಬೇಕು.' ಹಾಗೆ ಅಂದ್ರಲ್ವಾ? ಪ್ರತೀ ಶುಕ್ರವಾರ ನಮಾಜು ಆದ ಮೇಲೆ ಆ ನೇಪಾಳಿಯ ಕೈಗೆ ದುವಾ ಮಾಡ್ತಾರೆ ಅಂದೆ ನೀನು. ಹದಿನೇಳು ವರ್ಷದಿಂದ. ತನ್ನ ಕೈಯಿಂದ ಒಬ್ಬನ ಕೈ ಸುಟ್ಟಿತು ಅಂತ. ಊರಿಗೆ ಹೋಗಿ ಮೋಟರ್ ರಿವೈಂಡಿಂಗ್ ಅಂಗಡಿ ಇಟ್ಟಾಗಲೂ ಸ್ವಿಚ್ ಹಾಕುವ ಮೊದಲು ಹತ್ತು ಸಲ ನೋಡ್ತಿದ್ರು, ಅಮ್ಮ ಬಯ್ತಿದ್ರು ಅಂದೆ.

ಎಂತಾದ್ರೂ ಹೇಳು ಮಗಳೇ. ಬಯ್ಯುದಾದ್ರೆ ಬಯ್ಯಿ. ಹೀಗೆ ಕೂತ್ರೆ ನಾನು ಎಂತ ಮಾಡುದು?

...

ಆ ಗುಮಾಸ್ತ ಕಾಗದ ಕೊಡುವ ಮೊದಲು ಉರ್ದುವಿನಲ್ಲಿ ಎಲ್ಲ ಹೇಳಿದ್ದ. ಒಂದೊಂದು ಸಾಲೂ. ನನಗೆ ಅರ್ಥ ಆಗಿತ್ತು. ಅರ್ಥ ಆದದ್ದನ್ನೇ ನಾನು ಗಟ್ಟಿಯಾಗಿ ಓದಿದ್ದು.

ಮೊದಲು ಅವ ಕೇಳಿದ್ದು, ಟ್ಯಾಗ್ ಯಾರದ್ದು ಅಂತ. ಅಲಿಯಬ್ಬನದ್ದು ಅಂದೆ. ಸುಳ್ಳಲ್ಲ ಅಲ್ವಾ? ಟ್ಯಾಗ್ ಅವನದ್ದೇ. ಅವ ಅದನ್ನು ಅಲಿಯಬ್ಬ ತೆಗೆದ, ಇವ ಕಂಡ ಅಂತ ಬರೆದ. ನಾನು ಅಲ್ಲ ಅನ್ಲಿಲ್ಲ. ಅಲ್ಲ ಅಂತ ಹೇಳಿದ್ರೆ ಮತ್ತೆ ಯಾರು ಅಂತ ಕೇಳ್ತಿದ್ದ.

ಸಫಿಯತ್ ಕೇಳಿಸ್ಕೊಂಡ್ರೆ ಕೇಳಿಸ್ಕೊಳ್ಳಿ. ಎಣ್ಣೆಯ ಸದ್ದು ನಿಂತಿದೆ, ಬಾಗಿಲ ಹಿಂದೆ ಇರ್ಬೇಕು.

ನಾನು ತೆಗೆದದ್ದು ಝಿಕ್ರಾ. ಅಲಿಯ ಮಧ್ಯಾಹ್ನದ ಅಸರ್ ನಮಾಜಿಗೆ ಹೋಗಿದ್ದ. ನಾನೂ ಹೋಗ್ಬೇಕಿತ್ತು, ಹೋಗ್ಲಿಲ್ಲ. ಕೆಲಸ ಬೇಗ ಮುಗಿಸಿ ಗೇಟಿನ ಹೊರಗೆ ಓಡ್ಬೇಕಿತ್ತು ನನಗೆ. ರಿಯಾದಿನ ಬತ್ಹಾದಿಂದ ಒಂದು ಬಸ್ಸು ಬರ್ತಿತ್ತು, ಡ್ರೈವರ್ ಕಮಾಲುದ್ದೀನ್, ನಮ್ಮ ಕಡೆಯವ. ಗುರುವಾರ ನಾಲ್ಕು ಗಂಟೆಗೆ ಹತ್ತು ನಿಮಿಷ ನಿಲ್ತದೆ, ತಪ್ಪಿದ್ರೆ ಮತ್ತೆ ಮುಂದಿನ ವಾರ. ಅವನ ಸೀಟಿನ ಅಡಿಯಲ್ಲಿ ನನಗೆ ಅಂತ ಒಂದು ಡಿವಿಡಿ ಇತ್ತು. ಹೌದು, ಅದೇ ಸಿನಿಮಾ. ಅಲಿಯನಿಗೆ ಇನ್ನು ನಲವತ್ತು ಪುಟ ಇತ್ತು, ನಾಲ್ಕು ದಿನದ ಕಥೆ. ಅವ ಹೇಳುವ ಮೊದಲು ನಾನು ನೋಡಿ ಬಂದು, ಐದು ಜನರ ಎದುರು, ಒಂದೇ ಒಂದು ಸಂಜೆ, ನಾನು ಕೊನೆ ಹೇಳ್ಬೇಕು ಅಂತ ಆಸೆ. ಫಿಟ್ಟರಿನ ಕೆಲಸ ಮುಗಿದಿರ್ಬಹುದು ಅಂತ ಅಂದಾಜು ಮಾಡಿದೆ. ಟ್ಯಾಗ್ ಬಿಚ್ಚಿ ಕಿಸೆಗೆ ಹಾಕಿದೆ, ವಾಲ್ವ್ ತಿರುಗಿಸಿದೆ. ಆ ಕಡೆಯಿಂದ ಅವನು ಕಿರುಚಿದ್ದು ಕೇಳಿತು. ಆದರೂ ಓಡಿದ್ದು ಬಸ್ಸಿನ ಕಡೆಗೆ.

ಬಸ್ಸು ಸಿಕ್ಕಿತು. ಮಂಗಳವಾರ, ಅಲಿಯ ಹೋದ ಮರುದಿನ, ಅವನ ಖಾಲಿ ಮಂಚದ ಮೇಲೆ ಕೂತು ನಾನು ಕಥೆಯ ಕೊನೆ ಹೇಳಿದೆ. ಎಲ್ಲರೂ ಕೇಳಿದ್ರು.

ಈಗ ಬರ್ಕೋ ಮಗಳೇ, ಬರ್ಕೋ, ಇದನ್ನು ಬರ್ಕೋ. ನೀವಲ್ಲ ಬಾಪ ಅಂತ ಬರಿ, ನೀವು ತೆಗೆದದ್ದಲ್ಲ, ಮರೆತದ್ದೂ ಅಲ್ಲ, ತೆಗೆದದ್ದು ಉಮ್ಮರ. ಯಾಕೆ ಅಂತ ಅವ ಕೇಳಿಯೇ ಕೇಳ್ತಾನೆ. ಒಂದು ಕಥೆಯ ಕೊನೆಯನ್ನು ನಿನಗಿಂತ ಮೊದಲು ನೋಡ್ಲಿಕ್ಕೆ ಅಂತ ಹೇಳು. ಅದೂ ತಪ್ಪು ಕೊನೆ.